ಸಹಾಯ ಬೇಕು: ಅಗ್ಗದ ಸ್ಟ್ರಾಂಗ್ ಬಿಯರ್ ಮಾರೋದು ಬಿಡೋಕೆ ಅಂಗಡಿಯವರನ್ನ ಒಪ್ಪಿಸೋದು ಹೇಗೆ?

ಶೇ. 6.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರೋ ಅಗ್ಗದ ಬಿಯರ್, ಸೈಡರ್ (ಸೇಬಿನ ಮದ್ಯ) ಇಡಬೇಡಿ ಅಂತ ಅಂಗಡಿಯವರನ್ನ ಕೇಳ್ತಿದ್ದೀವಿ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ 2012ರಲ್ಲಿ ಶುರುವಾದ ಮಾದರಿ ಇದು. ಶೇ. 9ರ 500 ಮಿಲಿ ಕ್ಯಾನ್ ಒಂದರಲ್ಲೇ 45 ಮಿಲಿ ಶುದ್ಧ ಆಲ್ಕೋಹಾಲ್ ಒಳಗೆ ಹೋಗುತ್ತೆ, ಶೇ. 4ರದ್ದಾದ್ರೆ 20. ಕುಡಿತ ಬಿಡಲಾಗದವರಿಗೆ ಇದು ಪ್ರಾಣಕ್ಕೇ ಕುತ್ತು.

ಒಬ್ಬೊಬ್ಬರನ್ನೇ ಕೇಳಿದ್ರೆ "ಮೊದಲು ಪಕ್ಕದ ಅಂಗಡಿಯವರು ನಿಲ್ಲಿಸಲಿ" ಅಂತಾರೆ. ಎಲ್ಲರನ್ನೂ ಕೂರಿಸಿ ಒಪ್ಪಿಸೋಣ ಅಂದ್ರೆ ಸ್ಪರ್ಧಾ ಕಾನೂನು ಅಡ್ಡ ಬರುತ್ತೆ: ವ್ಯಾಪಾರಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸರಕು ತೆಗೆದ್ರೆ ಅದು ಕಾರ್ಟೆಲ್, ಅಂದ್ರೆ ಸ್ಪರ್ಧೆ ತಪ್ಪಿಸೋ ವ್ಯಾಪಾರಿಗಳ ಅಕ್ರಮ ಕೂಟ ಅನ್ನಿಸಿಕೊಳ್ಳಬಹುದು. ಬರೀ ಶೇಕಡಾ ಮಿತಿ ಇಟ್ರೆ ಸಣ್ಣ ತಯಾರಕರ ದುಬಾರಿ ಕ್ರಾಫ್ಟ್ ಬಿಯರೂ ಸಿಕ್ಕಿಹಾಕಿಕೊಳ್ಳುತ್ತೆ.

ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ತಿಳಿಸದೆ, ಪ್ರತಿಯೊಬ್ಬರೂ ಸ್ವಂತವಾಗಿ ನಿರ್ಧರಿಸೋ ಹಾಗೆ ಮನವಿಪತ್ರ ಹೇಗೆ ಬರೀಬೇಕು? ಅದರಲ್ಲಿ ಯಾವ ಮಾತು ಇರಲೇಬಾರದು?