ಮುಳುಗದ ಸೂರ್ಯನೂ ಗೌಡರ ಜೀಪೂ

"ಸೂರ್ಯ ಮುಳುಗಿದ ಮೇಲೆಯೇ ಗ್ಲಾಸು ಹಿಡಿಯುವುದು ನಮ್ಮ ಮನೆಯ ಪದ್ಧತಿ. ಅಲ್ಲಿ ಆ ಪುಣ್ಯಾತ್ಮ ಮುಳುಗಲೇ ಇಲ್ಲ!" ಎಂದು ಗೌಡರು ಮೇಜು ಗುದ್ದಿದರು.

ಸಿಯಾಟಲ್‌ನಲ್ಲಿರುವ ಮಗನ ಕಾರಿನಲ್ಲಿ ಅಲಾಸ್ಕಾದ ಉತ್ತರದ ತುದಿ ಮುಟ್ಟಿ ಬಂದಾಗಿನಿಂದ ಗೌಡರ ಬಾಯಲ್ಲಿ ಕಾಫಿ ದರವೂ ಇಲ್ಲ, ಕಾಡಾನೆಯೂ ಇಲ್ಲ. ಚಿಕ್ಕಮಗಳೂರಿನ ಪ್ಲಾಂಟರ್ ಒಬ್ಬರು ಈ ಎರಡನ್ನೂ ಬಿಟ್ಟು ಅರ್ಧ ಗಂಟೆ ಮಾತನಾಡಿದ್ದನ್ನು ನಾನಂತೂ ಕೇಳಿರಲಿಲ್ಲ.

ಭಟ್ಟರ ಚಿಂತೆ ಬೇರೆ. "ಸೂರ್ಯ ಮುಳುಗದಿದ್ದರೆ ಸಾಯಂಸಂಧ್ಯೆಯ ಅರ್ಘ್ಯ ಬಿಡುವುದು ಯಾವಾಗ?"

"ಗಡಿಯಾರ ನೋಡಿ ಬಿಡಿ," ಎಂದರು ಮೇಷ್ಟರು. "ಆರ್ಕ್ಟಿಕ್ ವೃತ್ತದಾಚೆ ಜೂನ್‌ನಲ್ಲಿ ಹಾಗೆಯೇ. ಡಿಸೆಂಬರಿನಲ್ಲಿ ಆ ತುದಿಗೆ ಹೋದರೆ ಸೂರ್ಯ ಏಳುವುದೇ ಇಲ್ಲ."

ಭಟ್ಟರ ಮುಖ ಅರಳಿತು. "ಅಂದರೆ ಬೆಳಗಿನ ತಣ್ಣೀರು ಸ್ನಾನವೂ ಇಲ್ಲ!"

"ನನ್ನ ಗ್ಲಾಸು ಕೆಳಗಿಡುವ ಪ್ರಶ್ನೆಯೂ ಇಲ್ಲ," ಎಂದರು ಗೌಡರು. "ಇರಲಿ, ರಸ್ತೆಯ ಕಥೆ ಕೇಳಿ. ಡಾಲ್ಟನ್ ಹೆದ್ದಾರಿ, 666 ಕಿಲೋಮೀಟರ್. ತೈಲದ ಕೊಳವೆ ಹಾಕಲು 1974ರಲ್ಲಿ ಕಡಿದ ದಾರಿ, ಬಹುಪಾಲು ಜಲ್ಲಿ. ಲಾರಿ ಎದುರಾದರೆ ಗಾಜಿಗೆ ಕಲ್ಲಿನ ಅಭಿಷೇಕ. ಕೋಲ್ಡ್‌ಫುಟ್ ಎಂಬ ತಂಗುದಾಣ ಬಿಟ್ಟರೆ ಮುಂದಿನ ಪೆಟ್ರೋಲ್ ಬಂಕ್‌ಗೆ 380 ಕಿಲೋಮೀಟರಿಗೂ ಹೆಚ್ಚು."

"ನಡುವೆ ತಿಂಡಿ?"

"ಭಟ್ಟರೇ, ನಡುವೆ ಮರವೇ ಇಲ್ಲ! ಬ್ರೂಕ್ಸ್ ಪರ್ವತ ದಾಟಿದ ಮೇಲೆ ಬರೀ ಬಯಲು. ಸಿಲ್ವರ್ ಓಕ್ ನೋಡಿ ಬೆಳೆದ ಕಣ್ಣನ್ನು ಎಲ್ಲಿ ನೆಡಬೇಕೆಂದೇ ತಿಳಿಯಲಿಲ್ಲ. ಆ ಪರ್ವತ ದಾಟಿಸುವುದು ಅಟಿಗನ್ ಘಾಟಿ. ಜೂನ್‌ನಲ್ಲೂ ಹಿಮ. ರಸ್ತೆಯಲ್ಲೆಲ್ಲ ಅದೇ ಅತಿ ಎತ್ತರ."

"ಒಂದೂವರೆ ಸಾವಿರ ಮೀಟರೂ ಇಲ್ಲ," ಎಂದು ಮೇಷ್ಟರು ಮೊಬೈಲ್ ತೋರಿಸಿದರು. "ನಮ್ಮ ಮುಳ್ಳಯ್ಯನಗಿರಿ 1,930!" ಬೆಟ್ಟವನ್ನು ಕಟ್ಟಿಸಿದವರು ತಾವೇ ಎಂಬ ಠೀವಿ.

"ಅಲ್ಲಿ ಹಿಮ ಬೀಳುತ್ತದೆಯೇ?"

"ಇಲ್ಲ. ಭಾನುವಾರ ಬೆಂಗಳೂರಿನ ಕಾರುಗಳು ಬಂದು ಬೀಳುತ್ತವೆ."

ಕೊಳವೆಯನ್ನೇಕೆ ಕಂಬಗಳ ಮೇಲೆ ಎತ್ತಿ ಕೂರಿಸಿದ್ದಾರೆಂದು ನಾನು ಕೇಳಿದೆ. ಬಿಸಿ ತೈಲ ಹರಿದರೆ ಹೆಪ್ಪುಗಟ್ಟಿದ ನೆಲ ಕರಗಿ ಕುಸಿಯುತ್ತದಂತೆ. ಗೌಡರಿಗೆ ಇದರಲ್ಲಿ ರುಚಿ ಇರಲಿಲ್ಲ. ಮಾತು ಕೆನಡಾದ ವಾಟ್ಸನ್ ಲೇಕ್‌ಗೆ ಹಾರಿತು.

"1942ರಲ್ಲಿ ಅಲಾಸ್ಕಾ ಹೆದ್ದಾರಿ ಹಾಕುವಾಗ, ಊರಿನ ನೆನಪು ಕಾಡಿದ ಅಮೆರಿಕದ ಸೈನಿಕನೊಬ್ಬ ತನ್ನೂರಿಗೆ ಎಷ್ಟು ದೂರ ಎಂದು ಬರೆದು ಫಲಕ ನೆಟ್ಟ. ಹೋದವರೆಲ್ಲ ತಮ್ಮೂರಿನದನ್ನೂ ಹೊಡೆದು ಹೊಡೆದು ಈಗ ಫಲಕಗಳದೇ ಕಾಡು. ನಾನು ಸುಮ್ಮನಿರಲೇ? ಕೆಎ 18ರ ನಂಬರ್ ಪ್ಲೇಟು ಇಲ್ಲಿಂದಲೇ ಒಯ್ದಿದ್ದೆ. ನಾಲ್ಕು ಮೊಳೆ ಜಡಿದೆ!"

"ಯಾವ ಗಾಡಿಯದು?"

"ಜೀಪಿನದು."

ಎಲ್ಲರೂ ಕಿಟಕಿಯತ್ತ ತಿರುಗಿದೆವು. ರಸ್ತೆಯಂಚಿನ ಜೀಪಿನ ಮುಂದೆ ಪೊಲೀಸರೊಬ್ಬರು ಬಗ್ಗಿ ಏನನ್ನೋ ಹುಡುಕುತ್ತಿದ್ದರು.

"ಗೌಡರೇ, ಹಿಂದಿನ ಪ್ಲೇಟಾದರೂ ಇದೆ ತಾನೇ?"

"ಅದನ್ನು ಮಗ ಇಷ್ಟಪಟ್ಟು ಇಟ್ಟುಕೊಂಡ," ಎಂದ ಗೌಡರು ಕುರ್ಚಿಯನ್ನು ಕಂಬದ ಮರೆಗೆ ಸರಿಸಿಕೊಂಡರು. "ಇನ್ನೊಂದು ಸುತ್ತು ಕಾಫಿ ಹೇಳಿ, ಮೇಷ್ಟರೇ. ನಿಧಾನವಾಗಿ ಕುಡಿಯೋಣ."