ಎಂಬಿಬಿಎಸ್ ಓದುತ್ತಲೇ ಮುಪ್ಪಿನ ಬಗ್ಗೆ ರಿಸರ್ಚ್ ಶುರು ಮಾಡುವುದು ಹೇಗೆ?

ಬೆಣ್ಣೆದೋಸೆ_ಡಾಕ್ಟರ್

ಎಲ್ಲರಿಗೂ ನಮಸ್ಕಾರ. ನಾನು ಎರಡನೇ ವರ್ಷದ ಎಂಬಿಬಿಎಸ್. ನಮ್ಮ ಅಜ್ಜಿಗೆ 81. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಆಮೇಲೆ ಎರಡು ರಾತ್ರಿ ನಮ್ಮ ಯಾರ ಗುರುತೂ ಸಿಗಲಿಲ್ಲ, ತೀರಿಹೋಗಿ ಎಷ್ಟೋ ವರ್ಷವಾದ ಅಜ್ಜನನ್ನು ಕೂಗಿ ಕರೆಯುತ್ತಿದ್ದರು. ವಾರ್ಡಿನಲ್ಲಿ ಕೇಳಿದರೆ "ವಯಸ್ಸಾಯ್ತಲ್ಲ, ಹಾಗೇ" ಅಂದರು, ಅಷ್ಟೇ. ಅದಕ್ಕೆ ಡಿಲೀರಿಯಂ ಎನ್ನುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ ಪುಸ್ತಕ ಓದಿ.

ಅವತ್ತಿನಿಂದ ಇದೇ ದಾರಿಯಲ್ಲಿ ಹೋಗಬೇಕು ಅನ್ನಿಸಿದೆ. ಅಮೆರಿಕದಲ್ಲಿ ಮೆಡಿಕಲ್ ಸ್ಟೂಡೆಂಟ್‌ಗಳಿಗೆ ಇದಕ್ಕೆಂದೇ 'ಎಂಸ್ಟಾರ್' ಅಂತ ಒಂದು ಪ್ರೋಗ್ರಾಂ ಇದೆಯಂತೆ. ನಾವು ಹಾಕಬಹುದಾ? ಇಲ್ಲಿ ಅಂಥದ್ದು ಏನಿದೆ? ಮನೆಯಲ್ಲಿ "ಮೊದಲು ಪಿಜಿ ಸೀಟಿನ ದಾರಿ ನೋಡು" ಅಂತಾರೆ.

ಕ್ಲೀವ್‌ಲ್ಯಾಂಡ್_ಕನ್ನಡಿಗ

ಎಂಸ್ಟಾರ್ ಆಸೆ ಬಿಟ್ಟುಬಿಡಿ. ಅದು ಅಮೆರಿಕ ಸರ್ಕಾರದ ದುಡ್ಡು, ಇಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಆದರೆ ಅದನ್ನು ಕಟ್ಟಿದ ರೀತಿ ನೋಡುವಂಥದ್ದು. 1994ರಲ್ಲಿ ಶುರುವಾಯಿತು. ಮೊದಲ ವರ್ಷ ಮುಗಿಸಿದ ಹುಡುಗರಿಗೆ ಬೇಸಿಗೆ ರಜೆಯಲ್ಲಿ 8ರಿಂದ 12 ವಾರ ಕೆಲಸ. ಒಬ್ಬ ಮೆಂಟರ್, ಒಂದು ಚಿಕ್ಕ ಪ್ರಾಜೆಕ್ಟ್, ಕೈಗೊಂದಿಷ್ಟು ಸ್ಟೈಪೆಂಡ್. ಜೊತೆಗೆ ವಯಸ್ಸಾದವರ ಕ್ಲಿನಿಕ್‌ನಲ್ಲೂ ಕೂರಬೇಕು. ಆ ಕೊನೆಯ ಮಾತು ಮುಖ್ಯ, ಲ್ಯಾಬ್ ಒಂದನ್ನೇ ನೋಡಿದವನಿಗೆ ಮುದುಕರ ಕಷ್ಟ ಎಲ್ಲಿಂದ ಗೊತ್ತಾಗಬೇಕು ಹೇಳಿ.

ಪಿಎಸ್‌ಎಂ_ಮೇಡಂ

ನೋಡಪ್ಪ, ನಿನ್ನ ಪ್ರಾಜೆಕ್ಟ್ ನಿನ್ನ ಪ್ರಶ್ನೆಯಲ್ಲೇ ಇದೆ. ನಮ್ಮಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್, ಅಂದರೆ ಶಾರ್ಟ್ ಟರ್ಮ್ ಸ್ಟೂಡೆಂಟ್‌ಶಿಪ್ ಇದೆ, 1979ರಿಂದ ನಡೆಯುತ್ತಿದೆ. ಎರಡು ತಿಂಗಳ ಕೆಲಸ. ಗೈಡ್ ನಿನ್ನ ಕಾಲೇಜಿನವರೇ. ಪ್ರಪೋಸಲ್ ಬರೆಯಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು, ರಿಪೋರ್ಟ್ ಪಾಸಾದ ಮೇಲೆ ದುಡ್ಡು ಬರುತ್ತದೆ. ಎಥಿಕ್ಸ್ ಕಮಿಟಿ ಕೆಲಸ ಮೊದಲೇ ಹಿಡಿದುಕೊ, ಬಹಳ ಹುಡುಗರು ಎಡವುವುದು ಅಲ್ಲೇ.

"ಮುಪ್ಪಿನ ರಹಸ್ಯ" ಅಂತೆಲ್ಲ ಬರೆಯಬೇಡ. ಸೊಂಟದ ಮೂಳೆ ಮುರಿದು ಆಪರೇಷನ್ ಆದ 60 ದಾಟಿದವರಲ್ಲಿ ಎಷ್ಟು ಜನಕ್ಕೆ ಡಿಲೀರಿಯಂ ಬರುತ್ತದೆ, ಅದರಲ್ಲಿ ಎಷ್ಟು ಜನರ ಕೇಸ್‌ಶೀಟಿನಲ್ಲಿ ಆ ಪದ ಬರೆದಿದ್ದಾರೆ? ಇಷ್ಟು ಸಾಕು. ಹಳ್ಳಿಯಲ್ಲಿ ಇದಕ್ಕೆ ಸನ್ನಿ ಅನ್ನುತ್ತಾರೆ, ಜನಕ್ಕೆ ಗೊತ್ತಿರುವ ಕಾಯಿಲೆಯೇ. ಗುರುತಿಸಲು 'ಕ್ಯಾಮ್' ಎಂಬ ವಿಧಾನ ಇದೆ, 1990ರಲ್ಲಿ ಅಮೆರಿಕದ ವೈದ್ಯೆ ಶರನ್ ಇನೋಯೆ ಮತ್ತವರ ತಂಡ ಮಾಡಿದ್ದು. ನಾಲ್ಕು ಅಂಶ ನೋಡಬೇಕು. ಇದ್ದಕ್ಕಿದ್ದಂತೆ ಶುರುವಾಗಿ ಹೆಚ್ಚು ಕಡಿಮೆ ಆಗುವುದು, ಗಮನ ನಿಲ್ಲದಿರುವುದು, ಮಾತು ಎತ್ತೆತ್ತಲೋ ಹೋಗುವುದು, ಎಚ್ಚರದಲ್ಲಿ ಏರುಪೇರು. ಮೊದಲಿನ ಎರಡು ಇರಲೇಬೇಕು, ಕೊನೆಯ ಎರಡರಲ್ಲಿ ಒಂದಾದರೂ ಇರಬೇಕು.

ಅದೇ ಇನೋಯೆ 1999ರಲ್ಲಿ ಇನ್ನೊಂದು ಕೆಲಸ ಪ್ರಕಟಿಸಿದರು. ಆಸ್ಪತ್ರೆಯಲ್ಲಿದ್ದ 70 ದಾಟಿದ 852 ಜನರು. ಅರ್ಧ ಜನಕ್ಕೆ ಮಾಮೂಲಿ ಆರೈಕೆ. ಉಳಿದವರಿಗೆ ಕನ್ನಡಕ, ಕಿವಿ ಮಿಷನ್ ಹಾಕಿಸುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ನಿದ್ದೆ ಕೆಡಿಸದಿರುವುದು, ಜೊತೆಯಲ್ಲಿ ಕೂತು ಮಾತಾಡಿಸುವುದು. ಡಿಲೀರಿಯಂ ಶೇ 15ರಿಂದ ಶೇ 9.9ಕ್ಕೆ ಇಳಿಯಿತು. ಹೊಸ ಮಾತ್ರೆ ಏನೂ ಇಲ್ಲ! ಇದನ್ನು ಓದಿದಾಗ ನನಗೆ ನಮ್ಮ ವಾರ್ಡಿನಲ್ಲಿ ಕನ್ನಡಕ ಚೀಲದಲ್ಲೇ ಬಿಟ್ಟು ಮಲಗಿದ್ದ ಮುದುಕರೆಲ್ಲ ನೆನಪಾದರು.

ಕೋಲಾರ_ಸೀಮೆ

ದೊಡ್ಡ ಕೆಲಸ ನೋಡಬೇಕಾದರೆ ನಮ್ಮ ಕಡೆ ಬನ್ನಿ. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷ ವರ್ಷ ಹಿಂಬಾಲಿಸುವ ಗುರಿ ಇಟ್ಟುಕೊಂಡಿದ್ದಾರೆ. ನಮ್ಮ ದೊಡ್ಡಮ್ಮನೂ ಅದರಲ್ಲಿದ್ದಾರೆ. ಸ್ಕ್ಯಾನ್‌ಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಅವರಿಗೆ ಸ್ಕ್ಯಾನ್‌ಗಿಂತ ಅಲ್ಲಿ ನೆನಪಿನ ಶಕ್ತಿ ಪರೀಕ್ಷಿಸಲು ಕೇಳಿದ ಪ್ರಶ್ನೆಗಳೇ ಜಾಸ್ತಿ ನೆನಪು. "ಏನೇನೋ ಕೇಳ್ತಾರೆ ಕಣಪ್ಪ, ನನಗೇನು ಹುಚ್ಚಾ?" ಅಂತ ಬಂದು ನಗುತ್ತಿದ್ದರು.

ಥೀಸಿಸ್_ಬಾಕಿ

ಒಂದು ಕಹಿ ಮಾತು. ನೀಟ್ ಪಿಜಿಯಲ್ಲಿ ನಿಮ್ಮ ಪೇಪರಿಗೆ ಒಂದು ಮಾರ್ಕೂ ಇಲ್ಲ, ರ‍್ಯಾಂಕ್ ಮಾತ್ರ. ಜೀರಿಯಾಟ್ರಿಕ್ಸ್ (ವಯಸ್ಸಾದವರ ಚಿಕಿತ್ಸೆ) ಎಂಡಿ ನಮ್ಮ ದೇಶದಲ್ಲಿ ಮೊದಲು ಶುರುವಾಗಿದ್ದು 1996ರಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಇವತ್ತಿಗೂ ಸೀಟು ಕಡಿಮೆಯೇ. ಹಾಗಾಗಿ ಸರ್ಟಿಫಿಕೇಟ್ ಆಸೆಗೆ ಇಳಿಯಬೇಡಿ, ನಿಜವಾಗಿ ಕುತೂಹಲ ಇದ್ದರೆ ಮಾತ್ರ.

ಇದ್ದರೆ, ಲಾಸಿ ಅಂತ ದೇಶದ ಹಿರಿಯರ ಬಗ್ಗೆ ಮಾಡಿದ ಸರ್ವೆಯ ಡೇಟಾ ಇದೆ ನೋಡಿ. 2017-18ರಲ್ಲಿ 45 ದಾಟಿದವರು, ಅವರ ಗಂಡ ಅಥವಾ ಹೆಂಡತಿ ಸೇರಿ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಮಾಡಿದ್ದು. ಅರ್ಜಿ ಹಾಕಿದರೆ ಕೊಡುತ್ತಾರೆ. ಲ್ಯಾಬ್ ಬೇಡ, ಲ್ಯಾಪ್‌ಟಾಪ್ ಮತ್ತು ಸ್ವಲ್ಪ ಸ್ಟ್ಯಾಟಿಸ್ಟಿಕ್ಸ್ ಸಾಕು. ಆ ಸ್ವಲ್ಪವನ್ನು ಈಗಲೇ ಕಲಿಯಿರಿ. ನಾನು ಕಲಿಯದೆ ಥೀಸಿಸ್ ಹೊತ್ತಿಗೆ ಪರದಾಡುತ್ತಿದ್ದೇನೆ, ಹೆಸರು ನೋಡಿದರೆ ಗೊತ್ತಾಗುತ್ತಲ್ಲ.

ಬೆಣ್ಣೆದೋಸೆ_ಡಾಕ್ಟರ್

ತುಂಬಾ ಥ್ಯಾಂಕ್ಸ್. ಮೇಡಂ, ಒಂದು ಸಂದೇಹ. ಗಮನ ಪರೀಕ್ಷೆಗೆ "ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳ ಹೆಸರು ಹೇಳಿ" ಅಂತ ಇದೆ. ನಮ್ಮ ಕಡೆಯ ಅಜ್ಜಿಯಂದಿರಿಗೆ ಅದು ಆಗುತ್ತದಾ?

ಪಿಎಸ್‌ಎಂ_ಮೇಡಂ

ಒಳ್ಳೆಯ ಪ್ರಶ್ನೆ. ಶಾಲೆಗೆ ಹೋಗದವರು ಅದರಲ್ಲಿ ಸೋತರೆ ಕಾಯಿಲೆ ಅಂತ ಬರೆಯಲಾಗುತ್ತಾ? ವಾರದ ಹೆಸರು ಹಿಂದಕ್ಕೆ ಕೇಳು, ಚೆನ್ನಾಗಿದ್ದ ಹತ್ತು ಜನ ಹಿರಿಯರ ಮೇಲೆ ಮೊದಲು ಪ್ರಯತ್ನಿಸು. ಫ್ಯಾಮಿಲಿ ಅಡಾಪ್ಷನ್‌ಗೆ, ಅಂದರೆ ನಿಮಗೆ ವಹಿಸಿದ ಕುಟುಂಬಗಳ ಆರೋಗ್ಯ ನೋಡಲು ಅಂತ ಹಳ್ಳಿಗೆ ಹೋಗುತ್ತೀರಲ್ಲ, ಅಲ್ಲೇ ಸಿಗುತ್ತಾರೆ. ಇನ್ನೊಂದು, ಡಿಲೀರಿಯಂ ಸಂಜೆ ಮೇಲೆ ಜಾಸ್ತಿ. ಬೆಳಿಗ್ಗೆ ಒಂದೇ ಸಲ ಹೋಗಿ ನೋಡಿದರೆ ಎಷ್ಟೋ ಕೇಸ್ ತಪ್ಪಿಹೋಗುತ್ತವೆ. ರಾತ್ರಿ ಪಕ್ಕದಲ್ಲಿ ಮಲಗುವ ಮಗಳು, ಸೊಸೆಯನ್ನು ಕೇಳುವುದು ಮರೆಯಬೇಡ.

ಬೆಣ್ಣೆದೋಸೆ_ಡಾಕ್ಟರ್

ಮೊದಲು ನಮ್ಮ ಅಜ್ಜಿಯ ಮೇಲೆಯೇ ಪ್ರಯತ್ನಿಸಿದೆ. ಶನಿವಾರ, ಶುಕ್ರವಾರ ಅಂತ ಸರಸರ ಹೇಳಿ ಮುಗಿಸಿ, "ಈಗ ನೀನು ಫಾಲ್ಗುಣದಿಂದ ಹಿಂದಕ್ಕೆ ಹೇಳು ನೋಡಾಣ" ಅಂದರು. ಫಾಲ್ಗುಣ, ಮಾಘ, ಪುಷ್ಯ... ಮುಂದೆ ಬರಲಿಲ್ಲ.