ಸಂಸ್ಕರಿಸಿದ ನೀರಿನ ಸಾಮೂಹಿಕ ತೋಟದಲ್ಲಿ ಸೊಪ್ಪು ಬೆಳೆಯಬಹುದೇ?

ಯಲಹಂಕ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಪಾಳುಬಿದ್ದಿದ್ದ ಹತ್ತು ಗುಂಟೆ ಜಾಗವನ್ನು ಶುಚಿಗೊಳಿಸಿ, ಇಪ್ಪತ್ತೆರಡು ಮನೆಯವರು ಸೇರಿ ಈ ಯುಗಾದಿಯಿಂದ ಸಾಮೂಹಿಕ ತೋಟವನ್ನು ಆರಂಭಿಸಿದ್ದೇವೆ. ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿದ ಆ ಬೇಸಿಗೆಯನ್ನು ನಾವ್ಯಾರೂ ಮರೆತಿಲ್ಲ. ಆದ್ದರಿಂದ ಕಾವೇರಿ ನೀರಿನ ಒಂದು ಹನಿಯನ್ನೂ ತೋಟಕ್ಕೆ ಬಿಡಬಾರದೆಂದು ಮೊದಲ ಸಭೆಯಲ್ಲೇ ತೀರ್ಮಾನಿಸಿ, ಪಕ್ಕದ ಅಪಾರ್ಟ್‌ಮೆಂಟಿನ ಕೊಳಚೆ ನೀರು ಸಂಸ್ಕರಣಾ ಘಟಕದಿಂದ (ಎಸ್‌ಟಿಪಿ) ಪೈಪ್ ಎಳೆದುಕೊಂಡೆವು.

ನೀರು ನೋಡಲು ತಿಳಿಯಾಗಿದೆ. ದಂಟು, ಮೆಂತ್ಯ, ಪಾಲಕ್ ಹುಲುಸಾಗಿ ಬಂದಿವೆ. ಆದರೆ ಬೀನ್ಸ್ ಎಲೆಗಳ ಅಂಚು ಸುಟ್ಟಂತೆ ಕಂದಾಗಿದೆ, ಪಾತಿಯ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಪದರ ಕಾಣುತ್ತಿದೆ. ಟೊಮೆಟೊ ಗಿಡಗಳು ಎದೆಯೆತ್ತರ ಬೆಳೆದರೂ ಕಾಯಿ ಕಚ್ಚಿಲ್ಲ. ಅದಕ್ಕಿಂತ ದೊಡ್ಡ ಚಿಂತೆ ಊಟದ್ದು: ಈ ನೀರಿನಲ್ಲಿ ಬೆಳೆದ ಕೊತ್ತಂಬರಿಯನ್ನೂ ಕೋಸಂಬರಿಗೆ ಹಾಕುವ ಸೌತೆಕಾಯಿಯನ್ನೂ ಮಕ್ಕಳಿಗೆ ಹಸಿಯಾಗಿ ಕೊಡಬಹುದೇ? ನಮ್ಮ ಹಿರಿಯರೊಬ್ಬರು ತುಳಸಿಯ ಬಗ್ಗೆಯೂ ಕೇಳಿದ್ದಾರೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಎಸ್‌ಟಿಪಿ ನಿರ್ವಾಹಕ

ಮೇಡಂ, ನೀರು ತಿಳಿಯಾಗಿದೆ ಎಂಬುದರಿಂದ ಅದು ಸುರಕ್ಷಿತವೆಂದು ಹೇಳಲಾಗದು. ಗಾಳಿ ಊದುವ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಮುಗಿಸುತ್ತವೆ, ನಂತರದ ತೊಟ್ಟಿಯಲ್ಲಿ ಕೆಸರು ತಳಕ್ಕಿಳಿಯುತ್ತದೆ, ಮರಳು ಮತ್ತು ಇಂಗಾಲದ ಫಿಲ್ಟರ್‌ಗಳು ನೀರನ್ನು ತಿಳಿಗೊಳಿಸುತ್ತವೆ. ಆದರೆ ರೋಗಾಣುಗಳನ್ನು ಕೊಲ್ಲುವುದು ಕೊನೆಯಲ್ಲಿ ಬರುವ ಕ್ಲೋರಿನ್ ಅಥವಾ ಯುವಿ (ನೇರಳಾತೀತ ಬೆಳಕಿನ) ಹಂತವೇ. ತೋಟದ ಪೈಪನ್ನು ಆ ಹಂತಕ್ಕಿಂತ ಮುಂಚೆಯೇ ಕವಲೊಡೆದಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಮೊದಲು ಅದನ್ನು ನೋಡಿ. ಕ್ಲೋರಿನ್ ಬಳಸುವ ಘಟಕವಾದರೆ, ಈಜುಕೊಳದವರು ಬಳಸುವ ಪರೀಕ್ಷೆಯ ಹನಿಯನ್ನು ತೋಟದ ನಲ್ಲಿಯ ನೀರಿಗೆ ಹಾಕಿದಾಗ ಅದು ಹಳದಿಗೆ ತಿರುಗಬೇಕು.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ಕ್ಲೋರಿನ್ ಸೇರುವ ಮುಂಚಿನ ನೀರನ್ನು ಬಾಟಲಿಯ ಕತ್ತಿನವರೆಗೆ ತುಂಬಿ, ಬಿರಡೆ ಬಿಗಿದು, ಎರಡು ದಿನ ಕತ್ತಲೆಯಲ್ಲಿಟ್ಟು ತೆರೆಯಿರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೊಳೆ ಇನ್ನೂ ಉಳಿದಿದೆ ಎಂದರ್ಥ. ಅಂಥ ನೀರಿಗೆ ಕ್ಲೋರಿನ್ ಎಷ್ಟು ಹಾಕಿದರೂ ಅದು ಕೊಳೆಗೇ ಖರ್ಚಾಗುತ್ತದೆ.

ಹಸಿಯಾಗಿ ತಿನ್ನುವ ಬೆಳೆಗೆ ಬಳಸುವ ನೀರಿನಲ್ಲಿ 100 ಮಿಲಿಲೀಟರಿಗೆ 1,000ಕ್ಕಿಂತ ಹೆಚ್ಚು ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿತ್ತು. ಕ್ಯಾಲಿಫೋರ್ನಿಯಾದ ನಿಯಮ ಇದಕ್ಕಿಂತ ಬಹಳ ಕಠಿಣವಾಗಿದ್ದು, ಅಲ್ಲಿ ಒಟ್ಟು ಕೋಲಿಫಾರ್ಮ್‌ನ ಏಳು ದಿನಗಳ ಮಧ್ಯಮ ಮೌಲ್ಯ 100 ಮಿಲಿಲೀಟರಿಗೆ 2.2ನ್ನು ದಾಟುವಂತಿಲ್ಲ. ಪ್ರಯೋಗಾಲಯದ ವರದಿ ಕೈಗೆ ಬರುವವರೆಗೆ ಕೊತ್ತಂಬರಿ, ಪುದೀನ, ಸೌತೆಗಳನ್ನು ಈ ನೀರಿನಲ್ಲಿ ಬೆಳೆಯಬೇಡಿ ಎಂದೇ ನನ್ನ ವಿನಂತಿ. ತುಳಸಿಯ ದಳವೂ ತೀರ್ಥದೊಡನೆ ಹಸಿಯಾಗಿಯೇ ಬಾಯಿಗೆ ಹೋಗುವುದರಿಂದ ಅದಕ್ಕೆ ಮಳೆನೀರಿನ ಒಂದು ಡ್ರಮ್ ಬೇರೆ ಇಡುವುದು ಒಳ್ಳೆಯದು. ಬಾಳೆ, ನುಗ್ಗೆ, ಪಪ್ಪಾಯಿಗಳಿಗೆ ಬುಡದಲ್ಲಿ ಹನಿ ನೀರಾವರಿ ಮಾಡಿದರೆ ನೀರು ಕಾಯಿಗೆ ತಾಗುವುದೇ ಇಲ್ಲ. ಸ್ಪ್ರಿಂಕ್ಲರ್ ಮಾತ್ರ ಖಂಡಿತ ಬೇಡ. ಪಕ್ಕದಲ್ಲಿ ಆಡುವ ಮಕ್ಕಳ ಮುಖಕ್ಕೂ ಅದರ ತುಂತುರು ಹೋಗುತ್ತದೆ. ತೋಟದ ಪ್ರತಿ ನಲ್ಲಿಯ ಮೇಲೂ "ಕುಡಿಯುವ ನೀರಲ್ಲ" ಎಂಬ ಫಲಕ ಹಾಕಿಸಿ.

ಮಣ್ಣಿನ ವಿದ್ಯಾರ್ಥಿ

ಬಿಳಿ ಪದರದ ಬಗ್ಗೆ ಒಂದು ಮಾತು. ಆ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಅಳವಡಿಸಿದ್ದಾರೆಯೇ ಎಂದು ವಿಚಾರಿಸಿ. ಸಾಫ್ಟ್‌ನರನ್ನು ತೊಳೆಯಲು ಮೂಟೆಗಟ್ಟಲೆ ಅಡುಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಒಳಚರಂಡಿಯ ಮೂಲಕ ಎಸ್‌ಟಿಪಿಗೆ ಬಂದರೆ, ಅದರಲ್ಲಿರುವ ಸೋಡಿಯಂ ಮರಳಿಗೂ ಇಂಗಾಲಕ್ಕೂ ಕ್ಲೋರಿನ್‌ಗೂ ಜಗ್ಗದೆ ನೇರವಾಗಿ ನಿಮ್ಮ ಪಾತಿಗೆ ಬರುತ್ತದೆ. ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಮೇಲ್ಮಣ್ಣು ಹೆಪ್ಪುಗಟ್ಟುವಂತೆ ಮಾಡುವುದು ಈ ಸೋಡಿಯಮ್ಮೇ. ನೀರು ಹಾಯಿಸಿದಾಗ ಒಳಗಿಳಿಯದೆ ಮೇಲೆಯೇ ನಿಲ್ಲುತ್ತಿದ್ದರೆ ಇದನ್ನು ಶಂಕಿಸಬೇಕು.

ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ, ಮನೆಯಲ್ಲಿರುವ ಟಿಡಿಎಸ್ ಮೀಟರನ್ನೇ ಅದ್ದಿ ನೋಡಿ. 450ರ ಒಳಗಿದ್ದರೆ ಯಾವ ಬೆಳೆಗೂ ಚಿಂತೆಯಿಲ್ಲ; 2,000 ದಾಟಿದರೆ ಹೆಚ್ಚಿನ ಬೆಳೆಗಳಿಗೆ ಆ ನೀರು ಸಲ್ಲದು. ತರಕಾರಿಗಳಲ್ಲಿ ಉಪ್ಪಿಗೆ ಬಹಳ ಬೇಗ ಸೋಲುವುದು ಬೀನ್ಸ್. ಬೀಟ್‌ರೂಟ್ ಅದೇ ನೀರಿನಲ್ಲಿ ಚೆನ್ನಾಗಿ ಬರುತ್ತದೆ. ಕಾಂಪೋಸ್ಟ್ ಧಾರಾಳವಾಗಿ ಹಾಕಿ. ಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚೆಂದು ಬಂದರೆ ಮಳೆಗಾಲಕ್ಕೆ ಮುಂಚೆ ಜಿಪ್ಸಂ ಬೆರೆಸಿ. ಒಳ್ಳೆಯ ಮಳೆ ಉಪ್ಪನ್ನು ಬೇರಿನ ಕೆಳಗೆ ತಳ್ಳುತ್ತದೆ. ಟೊಮೆಟೊಗೆ ಬಹುಶಃ ಸಾರಜನಕ ಹೆಚ್ಚಾಗಿದೆ. ಅದು ಈ ನೀರಿನಲ್ಲಿಯೇ ಇರುತ್ತದೆ, ಆದ್ದರಿಂದ ಯೂರಿಯಾ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ.

ಕೋಲಾರದವ

2018ರ ಜೂನ್‌ನಲ್ಲಿ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳುಹಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟ್ ಮೆಟ್ಟಿಲೇರಿ ಹರಿವು ನಿಂತಿತು. ಒಂದು ದಿನ ಚೆನ್ನಾಗಿ ಬಂದ ನೀರು ಮರುದಿನವೂ ಹಾಗೆಯೇ ಬರುತ್ತದೆಂಬ ಭರವಸೆಯಿಲ್ಲ ಎಂಬುದನ್ನು ನಾವು ಆಗ ಕಂಡೆವು. ಆದ್ದರಿಂದ ಒಂದು ವರದಿ ತರಿಸಿ ಕಪಾಟಿನಲ್ಲಿ ಇಟ್ಟುಬಿಡಬೇಡಿ, ಪ್ರತಿ ತಿಂಗಳೂ ಪರೀಕ್ಷಿಸಿ, ಫಲಿತಾಂಶವನ್ನು ತೋಟದ ಗೇಟಿನಲ್ಲೇ ಎಲ್ಲರಿಗೂ ಕಾಣುವಂತೆ ಬರೆದು ಹಾಕಿ.

ಯಲಹಂಕ ನಿವಾಸಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ನಾಲ್ವರು ಹೋಗಿ ನೋಡಿ ಬಂದೆವು. ನಮ್ಮ ಪೈಪ್ ಮರಳು ಫಿಲ್ಟರಿನ ನಂತರ, ಕ್ಲೋರಿನ್ ಹಾಕುವ ತೊಟ್ಟಿಗಿಂತ ಮುಂಚೆಯೇ ಕವಲೊಡೆದಿದೆ. ಟಿಡಿಎಸ್ 1,340 ಇದೆ, ಸಾಫ್ಟ್‌ನರ್ ಕೂಡ ಇದೆ. ಪ್ಲಂಬರ್ ಶನಿವಾರ ಬಂದು ಪೈಪನ್ನು ಬದಲಾಯಿಸುತ್ತಾರೆ. ಅಲ್ಲಿಯವರೆಗೆ ಸೊಪ್ಪಿನ ಪಾತಿಗಳಿಗೆ ನೀರು ನಿಲ್ಲಿಸಿ, ಕೊತ್ತಂಬರಿಯನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ದೇವೆ. ಬಾಟಲಿಯೊಂದನ್ನು ತುಂಬಿ ನನ್ನ ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ನಾಡಿದ್ದು ತೆರೆದು ಇಲ್ಲಿಯೇ ತಿಳಿಸುತ್ತೇನೆ.